ತೊಳೆಯಿರಿ, ಮುಳುಗಿಸಬೇಡಿ

ರೇಡಿಯೊ ಕೇಳುಗರಿಗೆ ನಮಸ್ಕಾರ. ಮನೆಗೆ ಮರದ ಬಟ್ಟಲು ಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಕೊಳ್ಳುವುದಕ್ಕೆ ದುಡ್ಡಿದ್ದರೆ ಸಾಕು, ಅದಕ್ಕೆ ನಾನೇಕೆ? ಮರವನ್ನು ತಿರುಗಿಸಿ ಕಡೆಯುವ ಕಡಸಲು ಯಂತ್ರದ ಮುಂದೆ 30 ವರ್ಷ ನಿಂತವನು ನಾನು. ನನಗೆ ಹೇಳಬೇಕಾಗಿರುವುದು ಒಂದೇ. ಮರದ ಬಟ್ಟಲನ್ನು ತೊಳೆಯಿರಿ, ನೀರಿನಲ್ಲಿ ಮುಳುಗಿಸಿ ಇಡಬೇಡಿ.

ಮರವೆಂದರೆ ಹುಲ್ಲಿನ ಹೊರೆ ಎಂದುಕೊಳ್ಳಿ, ಸಣ್ಣ ಸಣ್ಣ ಕೊಳವೆಗಳ ಕಟ್ಟು. ನೀರು ಕುಡಿದರೆ ಅಡ್ಡಕ್ಕೆ ಉಬ್ಬುತ್ತದೆ, ಒಣಗಿದರೆ ಅಡ್ಡಕ್ಕೆ ಕುಗ್ಗುತ್ತದೆ. ಉದ್ದ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಭುಜ ಕೊಟ್ಟು ನೂಕುತ್ತೀರಲ್ಲ, ಅದು ಇದೇ ಕಾರಣಕ್ಕೆ. ಬಟ್ಟಲಿನ ಅಂಚು ತೆಳು, ತಳ ದಪ್ಪ. ಅಂಚು ಬೇಗ ಒಣಗಿ ಕುಗ್ಗಲು ಹೊರಡುತ್ತದೆ, ಒದ್ದೆ ತಳ ಬಿಡುವುದಿಲ್ಲ. ಕೊನೆಗೆ ಅಂಚು ಸೀಳುತ್ತದೆ.

ನಮ್ಮ ಅಜ್ಜಿಯ ಮನೆ ತೀರ್ಥಹಳ್ಳಿಯ ಕಡೆ. ಅಲ್ಲಿ ಹಲಸಿನ ಮರದ ಒಂದು ಉಪ್ಪಿನ ಮರಿಗೆ, ಎಂದರೆ ಉಪ್ಪು ತುಂಬಿಡುವ ಮರದ ಪಾತ್ರೆ, ಇತ್ತು. ಹಲಸು ಹೊಸದರಲ್ಲಿ ಅರಿಸಿನ ಬಣ್ಣ. ಆ ಮರಿಗೆ ಹಳೆಯದಾಗಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಒಂದು ಕಡೆ ಸವೆದು ಹಳ್ಳ ಬಿದ್ದಿತ್ತು, ಮೂರು ತಲೆಮಾರಿನ ಹೆಂಗಸರು ಹೆಬ್ಬೆರಳು ಊರಿದ ಜಾಗ. ಒಂದು ದೀಪಾವಳಿಗೆ ಮನೆಯೆಲ್ಲ ತೊಳೆಯುವ ಸಂಭ್ರಮ. ಹೊಸದಾಗಿ ಬಂದಿದ್ದ ನಮ್ಮ ಚಿಕ್ಕಮ್ಮನಿಗೆ ಆ ಮರಿಗೆ ಕಂಡು ಹೇಸಿಗೆಯಾಯಿತು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಉಪ್ಪು ಬರಿದು ಮಾಡಿ, ಹಂಡೆಯ ಬಿಸಿನೀರಿಗೆ ಸೀಗೆಪುಡಿ ಕದಡಿ, ರಾತ್ರಿಯಿಡೀ ನೆನೆಹಾಕಿದರು. ಬೆಳಿಗ್ಗೆ ತೆಂಗಿನ ನಾರಿನಿಂದ ಗಸಗಸ ಉಜ್ಜಿ ಅಂಗಳದ ಬಿಸಿಲಿಗೆ ಇಟ್ಟರು. ಮರಿಗೆ ನಿಜಕ್ಕೂ ಚೆಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅಂಗಳದಲ್ಲಿ ‘ಟಪ್’ ಎಂದಿತು. ತೆಂಗಿನಕಾಯಿ ಬಿತ್ತೆಂದು ಅಜ್ಜ ನನ್ನನ್ನು ಓಡಿಸಿದರು. ನೋಡಿದರೆ ಮರಿಗೆ ಅಂಚಿನಿಂದ ತಳದವರೆಗೆ ಬಿಟ್ಟುಕೊಂಡಿದೆ. ನನ್ನ ಕಿರುಬೆರಳು ಒಳಗೆ ಹೋಯಿತು. ಚಿಕ್ಕಮ್ಮ ಅಳುತ್ತಾ ನಿಂತರು. ಅಜ್ಜಿ ಬಿರುಕಿನ ಮೇಲೆ ಒಮ್ಮೆ ಕೈಯಾಡಿಸಿ, ‘ಇನ್ನು ಹುಣಸೆಹಣ್ಣು ಇಡೋಣ, ಅದು ಸೋರುವುದಿಲ್ಲ’ ಎಂದರು. ಹುಣಸೆಹಣ್ಣಿನ ಮರಿಗೆಯಾಗಿ ಅದು ಇನ್ನೂ ಇಪ್ಪತ್ತು ವರ್ಷ ಬಾಳಿತು.

ಈ ಕಥೆಯಲ್ಲೇ ಅರ್ಧ ಸಮಯ ಹೋಯಿತು. ಇರಲಿ.

ಬಟ್ಟಲು ಕಡೆಯುವಾಗ ನಾವು ದಿಮ್ಮಿಯನ್ನು ಸೀಳಿ, ನಡುವಿನ ತಿರುಳು ಬಿಟ್ಟು, ಹಸಿಯಾಗಿದ್ದಾಗಲೇ ದಪ್ಪಗೆ ಒಂದು ಸುತ್ತು ಕಡೆದಿಡುತ್ತೇವೆ. 10 ಅಂಗುಲದ ಬಟ್ಟಲಿಗೆ 1 ಅಂಗುಲ ದಪ್ಪದ ಗೋಡೆ. ತಿಂಗಳುಗಟ್ಟಲೆ ನೆರಳಿನಲ್ಲಿ ಆರುವಷ್ಟರಲ್ಲಿ ಅದು ಮೊಟ್ಟೆಯಂತೆ ಉದ್ದುದ್ದವಾಗಿರುತ್ತದೆ. ಆಗ ಮತ್ತೆ ಯಂತ್ರಕ್ಕೆ ಏರಿಸಿ ದುಂಡಗೆ ಮಾಡಬೇಕು. ಹೀಗೆ ಕಾದು ಒಣಗಿಸಿದ್ದನ್ನು ನೀವು ಎಂಜಲು ತಟ್ಟೆಗಳ ಜೊತೆ ಸಿಂಕಿನಲ್ಲಿ ರಾತ್ರಿಯಿಡೀ ತೇಲಿಬಿಡುತ್ತೀರಿ! ಆಮೇಲೆ ‘ನಿಮ್ಮ ಬಟ್ಟಲು ಸೀಳಿತು’ ಎಂದು ನನಗೇ ಫೋನು.

ಚನ್ನಪಟ್ಟಣದ ಬಣ್ಣದ ಬಟ್ಟಲುಗಳ ವಿಷಯ ಬೇರೆ. ಅವು ಬಿಳಿಯ ಆಲೆ ಮರದವು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆ ಎಲೆ ಹಿಡಿದರೆ ಹೊಳಪು. ಕಾವಿಗೆ ಹತ್ತಿದ್ದು ಕಾವಿಗೇ ಬಿಡುತ್ತದೆ, ಆದ್ದರಿಂದ ಕುದಿಯುವ ಸಾರು ಅದಕ್ಕೆ ಬೇಡ. ದ್ರಾಕ್ಷಿ, ಗೋಡಂಬಿ, ಬಾಳೆಹಣ್ಣು ಇಡಿ.

ಬಣ್ಣವಿಲ್ಲದ ಬಟ್ಟಲಿಗೆ ಆಗಾಗ ಅಗಸೆ ಎಣ್ಣೆ ಸವರಿ ಒರೆಸಿ. ಅದು ಮರದಲ್ಲಿ ಒಣಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕನಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಬೆಂಕಿ ಹತ್ತಬಹುದು; ಹರಡಿ ಒಣಗಿಸಿ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಯಾವ ಮರ ಒಳ್ಳೆಯದು ಎಂಬ ಮಾತು ಉಳಿದೇ ಹೋಯಿತು. ನಿಮ್ಮ ಸಿಂಕಿನಲ್ಲಿ ಈಗ ಮರದ ಬಟ್ಟಲು ಮುಳುಗಿದ್ದರೆ, ಮುಂದಿನ ಹಾಡು ಶುರುವಾಗುವ ಮೊದಲು ಎದ್ದು ಅದನ್ನು ಒರೆಸಿ, ನೆರಳಿನಲ್ಲಿ ಬೋರಲು ಹಾಕಿ. ನಮಸ್ಕಾರ.