ಸ್ಲ್ಯಾಬಿಗೆ ಮೊದಲೇ ಪಂಚಾಂಗ ತೆಗೆಯಬೇಡಿ

ಕೇಳುಗರೇ, ನಮಸ್ಕಾರ.

ನಮ್ಮ ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಮನೆ ಕಟ್ಟಿಸುವವರು ಮೊದಲು ಕೇಳುವುದು ಎರಡೇ ಮಾತು. ಒಟ್ಟು ಎಷ್ಟು ಖರ್ಚು ಬೀಳುತ್ತೆ? ಬಸವ ಜಯಂತಿಗೆ ಗೃಹಪ್ರವೇಶ ಆಗುತ್ತಾ? ದುಡ್ಡಿನ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇಡುತ್ತಾರೆ. ದಿನದ ಲೆಕ್ಕ ಮಾತ್ರ ಗೌಂಡಿಯ ಬಾಯಲ್ಲೇ ಇರುತ್ತೆ.

ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೆಲಸಗಳನ್ನೆಲ್ಲ ಬರೆಯಿರಿ. ತಾರೀಖು ಆಮೇಲೆ. ಮೊದಲು ಪ್ರತಿ ಕೆಲಸದ ಮುಂದೆ, ಅದು ಯಾವ ಕೆಲಸ ಮುಗಿಯಲಿ ಅಂತ ಕಾಯುತ್ತೆ ಅನ್ನುವುದನ್ನು ಬರೆಯಿರಿ. 1950ರ ದಶಕದ ಕೊನೆಗೆ ಅಮೆರಿಕದ ಮೋರ್ಗನ್ ವಾಕರ್, ಜೇಮ್ಸ್ ಕೆಲ್ಲಿ ಎಂಬಿಬ್ಬರು ಈ ಲೆಕ್ಕಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಅದಕ್ಕೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. ಒಂದಕ್ಕೊಂದು ಕಾಯುವ ಕೆಲಸಗಳ ಸಾಲುಗಳಲ್ಲಿ ಯಾವುದು ಎಲ್ಲಕ್ಕಿಂತ ಉದ್ದವೋ, ಮನೆ ಮುಗಿಯುವುದು ಅದರ ಪ್ರಕಾರ. ಕಂಪೌಂಡ್ ಗೋಡೆ ಒಂದು ವಾರ ತಡವಾದರೆ ಯಾರಿಗೂ ಏನೂ ಆಗಲ್ಲ. ಸ್ಲ್ಯಾಬಿನ ಹಿಂದಿನ ದಿನ ಕರೆಂಟಿನವನು ಬರಲಿಲ್ಲ ಅಂದರೆ?

ಹಲಗೆ ಬಿಗಿದಾಗಿದೆ, ಕಬ್ಬಿಣ ಕಟ್ಟಿಯಾಗಿದೆ. ಮಿಕ್ಸರ್, ವೈಬ್ರೇಟರ್, ಮಂದಿ ಎಲ್ಲ ನಾಳೆ ಬೆಳಗ್ಗೆಗೆ ಹೇಳಿಟ್ಟಾಗಿದೆ. ಫ್ಯಾನ್ ಬಾಕ್ಸು, ವೈರಿನ ಪೈಪು ಮಾತ್ರ ಕೂರಿಸಿಲ್ಲ. ಅರ್ಧ ದಿನದ ಕೆಲಸ. ಆದರೆ ಅದು ಆಗದೆ ಕಾಂಕ್ರೀಟ್ ಹಾಕುವ ಹಾಗಿಲ್ಲ. ಕರೆಂಟಿನವನು ಲಿಂಗಸುಗೂರಿನಲ್ಲಿ ಬೇರೆಯವರ ಮನೆಯಲ್ಲಿರುತ್ತಾನೆ. ಮಿಕ್ಸರ್ ಇನ್ನೊಬ್ಬರ ಕಡೆ ಹೋಗಿಬಿಡುತ್ತೆ. ವಾರ ಹೋಯಿತು, ಅಲ್ವಾ?

ಸ್ಲ್ಯಾಬ್ ಹಾಕಿದ ಮೇಲೆ ಕಾಯುವುದೂ ಒಂದು ಕೆಲಸವೇ. ಅದನ್ನೂ ಪಟ್ಟಿಗೆ ಸೇರಿಸಿ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದಲ್ಲಿರುವ ನಿಯಮಾವಳಿ ಐ.ಎಸ್. 456 ಪ್ರಕಾರ, ಗೋಡೆ ಇಲ್ಲವೇ ಬೀಮುಗಳ ನಡುವೆ 4.5 ಮೀಟರ್‌ವರೆಗಿನ ಅಂತರ ಇರುವ ಸ್ಲ್ಯಾಬಿಗೆ ಕೆಳಗಿನ ಆಸರೆ ಕನಿಷ್ಠ 7 ದಿನ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್ 6 ಮೀಟರ್ ದಾಟಿದರೆ 21 ದಿನ. ಇದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟು ಮೊದಮೊದಲು ನಿಧಾನಕ್ಕೆ ಗಟ್ಟಿಯಾಗುತ್ತೆ. ಅದಕ್ಕೆ ಇನ್ನೂ ಸ್ವಲ್ಪ ದಿನ ಬಿಡಿ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತೆ. ಅಂಥ ಬಿಸಿಲಲ್ಲಿ ಮೇಲೆ ಕಟ್ಟೆ ಕಟ್ಟಿ 14 ದಿನ ನೀರು ನಿಲ್ಲಿಸಿ. ಹಲಗೆ ಬೇರೆ ಕಡೆ ಬೇಕಾಗಿದೆ ಅಂತ ಸೆಂಟ್ರಿಂಗಿನವರು ಅವಸರ ಮಾಡುತ್ತಾರೆ. ಬಾಡಿಗೆ ಹೆಚ್ಚಾದರೂ ಪರವಾಗಿಲ್ಲ, ಹಲಗೆ ಬಿಟ್ಟುಕೊಡಬೇಡಿ. ಆ ದಿನಗಳಲ್ಲಿ ಸುಮ್ನೆ ಕೂರದೆ ಬಾಗಿಲು, ಕಿಟಕಿ ಗ್ರಿಲ್, ಟೈಲ್ಸ್ ನೋಡಿ ಆರ್ಡರ್ ಕೊಡಿ.

ದೊಡ್ಡ ಕೆಲಸಕ್ಕೂ ಲೆಕ್ಕ ಇದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಬೇರೆ ಬೇರೆ ಕಡೆ ಏಕಕಾಲಕ್ಕೆ ತಯಾರಿಸಿದರು. ಇಳಿಸುವಾಗ ಮಾತ್ರ ಒಂದರ ಮೇಲೊಂದು. 17ರ ಹೊತ್ತಿಗೆ ನೀರು ತಡೆದಿದ್ದರು. ಎಲ್ಲ ತುಂಡನ್ನೂ ಒಂದೇ ಕಡೆ ಒಂದಾದ ಮೇಲೊಂದು ಮಾಡಿಸಿದ್ದರೆ, ಅಷ್ಟರಲ್ಲಿ ಇನ್ನೆಷ್ಟು ನೀರು ಹೊಳೆಗೆ ಹೋಗುತ್ತಿತ್ತೋ!

ಆ ನೀರಿಗೂ ನಮ್ಮ ಮನೆ ಕೆಲಸಕ್ಕೂ ಸಂಬಂಧ ಇದೆ. ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ ಶುರು. ಖಡಿ, ಉಸುಕು ಹೊರುವ ಮಂದಿ ಗದ್ದೆಗೆ ಇಳಿಯುತ್ತಾರೆ. ಅಲ್ಲಿ ಕೂಲಿ ಜಾಸ್ತಿ ಸಿಕ್ಕರೆ ಯಾಕೆ ಹೋಗಬಾರದು? ಹಾಗಾಗಿ ಮಂದಿ ಹೆಚ್ಚು ಬೇಕಾಗುವ ಸ್ಲ್ಯಾಬನ್ನು ನಾಟಿಗೆ ಮೊದಲು ಮುಗಿಸಿ, ಇಲ್ಲವೇ ನಾಟಿ ಆದ ಮೇಲೆ ಇಟ್ಟುಕೊಳ್ಳಿ. ನಡುವೆ ಇಬ್ಬರು ಮೂವರಲ್ಲಿ ಆಗುವ ಕೆಲಸ ನಡೆಯಲಿ. ಸುಗ್ಗಿಯಲ್ಲೂ ಹೀಗೇ. ಜಾತ್ರೆಗಳಿಗೂ ಒಂದಿಷ್ಟು ದಿನ ಬಿಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಿನ ಕೆಲಸಕ್ಕೆ ಬಾ ಅಂದರೆ ಯಾವ ಗೌಂಡಿ ಬರುತ್ತಾನೆ ಹೇಳಿ!

ಗೃಹಪ್ರವೇಶದ ಮುಹೂರ್ತ ಕೇಳುವುದು ಒಳಗಿನ ಗಿಲಾವ್ ಮುಗಿದ ಮೇಲೆ. ಅಲ್ಲಿಯವರೆಗೆ ಬೀಗರು ಕೇಳಿದರೆ, "ಬ್ಯಾಸಿಗಿಗೆ ಆಗ್ತೈತ್ರಿ" ಅಂದರೆ ಸಾಕು. ಯಾವ ಬೇಸಿಗೆ ಅಂತ ಹೇಳಬೇಡಿ.

ನಮಸ್ಕಾರ.