ಪ್ರೊಟೀನ್ ಎಲ್ಲಿದೆ ಎಂಬ ಪ್ರಶ್ನೆ: ಮಂಗನ ಕಾಯಿಲೆಯ ವೈರಸ್ಸಿನಿಂದ ಶುರುಮಾಡಿ

ವಿದ್ಯಾರ್ಥಿ ಮಿತ್ರರೇ,

ಜೀವಕೋಶದಲ್ಲಿ ಪ್ರೊಟೀನ್ ತನ್ನ ಜಾಗ ಹೇಗೆ ಸೇರುತ್ತದೆ ಎಂದು ಶಿವಮೊಗ್ಗದಲ್ಲಿ ಹೇಳಲು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೇ ಸಾಕು. ಉಣುಗು ಕಚ್ಚಿ ಮೈ ಸೇರುವ ಈ ವೈರಸ್ಸು ಡೆಂಗಿಯಂತೆ ಫ್ಲೇವಿವೈರಸ್ ಗುಂಪಿನದು. ಅದರ ಆರ್‌ಎನ್‌ಎ ಸುಮಾರು 11,000 ಅಕ್ಷರಗಳಷ್ಟು ಉದ್ದ. ನಮ್ಮ ಕೋಶದಲ್ಲಿ ಪ್ರೊಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ಓದಿ, ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಸರಪಳಿ ಕಟ್ಟುತ್ತದೆ. ಸರಿಯಾಗಿ ಕತ್ತರಿಸಿದರೆ ಅದು ಹತ್ತು ಪ್ರೊಟೀನು.

ಮೊದಲನೆಯದು ಕ್ಯಾಪ್ಸಿಡ್. ಅದರ ಬಾಲದಲ್ಲಿ ನೀರಿಗೆ ಒಗ್ಗದ ಅಮೈನೋ ಆಮ್ಲಗಳ ಸಾಲೊಂದಿದೆ, ಅದೇ ಸಿಗ್ನಲ್, ಅಂದರೆ ಪ್ರೊಟೀನ್ ಎಲ್ಲಿಗೆ ಹೋಗಬೇಕೆಂಬ ವಿಳಾಸ. ಇಂಥ ಸಿಗ್ನಲ್‌ಗಳನ್ನು ತೋರಿಸಿಕೊಟ್ಟ ಗುಂಟರ್ ಬ್ಲೋಬೆಲ್‌ಗೆ 1999ರ ನೊಬೆಲ್ ಬಂತು. ಸರಪಳಿ ಬೆಳೆಯುತ್ತಿರುವಾಗಲೇ ಈ ಸಿಗ್ನಲ್‌ನಿಂದಾಗಿ ರೈಬೋಸೋಮ್ ಸಮೇತ ಎಲ್ಲವೂ ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಪೊರೆಗೆ ಬಂದು ಕೂರುತ್ತದೆ. ಆಮೇಲೆ ಸರಪಳಿ ಪೊರೆಯನ್ನು ಹಲವು ಸಲ ದಾಟುತ್ತದೆ. ಪ್ರೊಟೀನುಗಳ ನಡುವಿನ ಕೀಲುಗಳಲ್ಲಿ ಒಳಮಗ್ಗುಲಿಗೆ ಬಿದ್ದ ಹಲವನ್ನು ಕತ್ತರಿಸುವುದು ನಮ್ಮದೇ ಕಿಣ್ವ, ಸಿಗ್ನಲ್ ಪೆಪ್ಟಿಡೇಸ್. ಸೈಟೊಪ್ಲಾಸಂ (ಕೋಶದ್ರವ) ಕಡೆಯವನ್ನು ಕತ್ತರಿಸುವುದು ವೈರಸ್ಸಿನ ಸ್ವಂತ ಕಿಣ್ವ, ಪ್ರೋಟಿಯೇಸ್. ಅಂಗಕಗಳ ಹೆಸರು ಬಾಯಿಪಾಠ ಮಾಡುವ ಬದಲು ಇದೊಂದು ಸರಪಳಿಯನ್ನು ಬೋರ್ಡಿನ ಮೇಲೆ ಬರೆದು ಕೀಲು ಕೀಲಾಗಿ ಗುರುತು ಹಾಕಿ ನೋಡಿ, ಹೆಚ್ಚು ತಲೆಗೆ ಹೋಗುತ್ತದೆ.

ಕಟ್ಟಿದ ವೈರಸ್ ಕಣ ಕೋಶದ ರವಾನೆ ಕೇಂದ್ರವಾದ ಗಾಲ್ಜಿಯ ಮೂಲಕ ಹೊರಬರಬೇಕು. ಅಲ್ಲಿ ತೊಡಕು: ಆ ಹಾದಿ ತುಸು ಆಮ್ಲೀಯ, ಆಮ್ಲ ತಾಗಿದರೆ ಹೊರಕವಚದ ಇ ಪ್ರೊಟೀನ್ ಅವೇಳೆಯಲ್ಲೇ ಪೊರೆ ಬೆಸೆಯಲು ಎದ್ದುಬಿಡುತ್ತದೆ. ಅದಕ್ಕೇ ಪಿಆರ್‌ಎಂ ಪ್ರೊಟೀನ್ ಅದನ್ನು ಮುಚ್ಚಿಕೊಂಡಿರುತ್ತದೆ. ಗಾಲ್ಜಿಯ ಕೊನೆಯ ಭಾಗದಲ್ಲಿ ಫ್ಯೂರಿನ್ ಎಂಬ ಕಿಣ್ವ ಈ ಮುಚ್ಚಳವನ್ನು ಕತ್ತರಿಸುತ್ತದೆ. ಆದರೂ ಕತ್ತರಿಸಿದ ಪಿಆರ್ ತುಂಡು ಕೋಶದ ಹೊರಗಿನ ತಟಸ್ಥ ದ್ರವ ಸಿಗುವವರೆಗೂ ಅಂಟಿಕೊಂಡೇ ಇರುತ್ತದೆ.

ಜಾಗ ತಪ್ಪಿದರೆ? ನಮ್ಮ ಯಕೃತ್ತಿನ ಎಜಿಟಿ ಕಿಣ್ವ ಪೆರಾಕ್ಸಿಸೋಮ್ ಎಂಬ ಪುಟ್ಟ ಅಂಗಕದೊಳಗೆ ಗ್ಲಯಾಕ್ಸಿಲೇಟ್ ಎಂಬ ರಾಸಾಯನಿಕವನ್ನು ಗ್ಲೈಸೀನ್ ಮಾಡುತ್ತದೆ. ಅದರ ಸರಪಳಿಯ 11ನೆಯ ಸ್ಥಾನದಲ್ಲಿ ಪ್ರೋಲೀನ್ ಬದಲು ಲ್ಯೂಸೀನ್ ಬಂದರೆ ಮೈಟೊಕಾಂಡ್ರಿಯಾಕ್ಕೆ ಕರೆದೊಯ್ಯುವ ದುರ್ಬಲ ಸಿಗ್ನಲ್ ಹುಟ್ಟುತ್ತದೆ. ಅದೊಂದರಿಂದ ದೊಡ್ಡ ಹಾನಿಯಿಲ್ಲ. ಜೊತೆಗೆ 170ನೆಯ ಸ್ಥಾನದ ಗ್ಲೈಸೀನ್ ಹೋಗಿ ಆರ್ಜಿನೀನ್ ಬಂದರೆ ಕಿಣ್ವ ಮಡಚಿಕೊಳ್ಳುವುದು ನಿಧಾನವಾಗುತ್ತದೆ. ಮೈಟೊಕಾಂಡ್ರಿಯಾ ಒಳಗೆ ಬಿಡುವುದು ಬಿಚ್ಚಿದ ಸರಪಳಿಯನ್ನೇ. ಹಾಗಾಗಿ ಹೆಚ್ಚಿನ ಕಿಣ್ವ ಅಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಕೆಲಸ ಗೊತ್ತು, ಆದರೆ ಕೆಲಸ ಇರುವುದು ಪೆರಾಕ್ಸಿಸೋಮಿನಲ್ಲಿ. ಗ್ಲಯಾಕ್ಸಿಲೇಟ್ ಆಕ್ಸಲೇಟ್ ಆಗಿ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ.

ಪ್ರಯೋಗಾಲಯಕ್ಕೆ ಇಳಿಯುವವರಿಗೆ ಒಂದು ಮಾತು. ಪ್ರೊಟೀನಿಗೆ ಹಸಿರು ಬೆಳಕಿನ ಜಿಎಫ್‌ಪಿ ಅಂಟಿಸಿ ಅದರ ಜಾಗ ನೋಡುವುದು ರೂಢಿ. ಜಿಎಫ್‌ಪಿ ಅಂದರೆ 238 ಅಮೈನೋ ಆಮ್ಲಗಳ ಭಾರೀ ಗಂಟು. ಎಜಿಟಿಯ ಪೆರಾಕ್ಸಿಸೋಮ್ ಸಿಗ್ನಲ್ ಇರುವುದು ಕಟ್ಟಕಡೆಯ ಮೂರು ಅಮೈನೋ ಆಮ್ಲಗಳಲ್ಲಿ, ಗಂಟನ್ನು ಅಲ್ಲೇ ಕಟ್ಟಿದರೆ ಸಿಗ್ನಲ್ ಮುಚ್ಚಿಹೋಗುತ್ತದೆ. ಆರಂಭದ ತುದಿಗೆ ಕಟ್ಟಿದರೆ ಮೈಟೊಕಾಂಡ್ರಿಯಾದ ಸಿಗ್ನಲ್ ಕೆಡುತ್ತದೆ. ಆದ್ದರಿಂದ ಎರಡೂ ತುದಿಗೆ ಬೇರೆ ಬೇರೆಯಾಗಿ ಕಟ್ಟಿ ಹೋಲಿಸಿ, ಗಂಟಿಲ್ಲದ ಪ್ರೊಟೀನನ್ನು ಆ್ಯಂಟಿಬಾಡಿಯಿಂದಲೂ ನೋಡಿ. ಕೋಶದ ಜೀರ್ಣಚೀಲವಾದ ಲೈಸೋಸೋಮಿನ ಆಮ್ಲದಲ್ಲಿ ಸಾಮಾನ್ಯ ಜಿಎಫ್‌ಪಿ ಮಂಕಾಗುತ್ತದೆ. ಹಸಿರು ಕಾಣಲಿಲ್ಲವೆಂದು ಅಲ್ಲಿ ಪ್ರೊಟೀನೇ ಇಲ್ಲ ಎಂದು ಬರೆಯಬೇಡಿ.