ಒದೆಯುವ ರಿವಾಲ್ವರ್ ಮೇಲೆ ಕೂರುವ ಗಾಜಿನ ಕಣ್ಣು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ನಾನು ಮೂವತ್ತೆಂಟು ವರ್ಷ ಕೆಲಸ ಮಾಡಿದೆ. ಸರ್ವೆಯವರ ಥಿಯೊಡೊಲೈಟ್, ಡಂಪಿ ಲೆವೆಲ್, ಕಾಲೇಜುಗಳ ಮೈಕ್ರೊಸ್ಕೋಪ್, ಹಕ್ಕಿ ನೋಡುವವರ ಬೈನಾಕ್ಯುಲರ್, ಇವನ್ನೆಲ್ಲ ರಿಪೇರಿ ಮಾಡುತ್ತಿದ್ದೆ. ಕೋವಿಯ ಮೇಲೆ ಕೂರುವ ಸಣ್ಣ ದುರ್ಬೀನು, ಅಂದರೆ ಸ್ಕೋಪ್, ನನ್ನ ಮೇಜಿಗೆ ಬಂದದ್ದು ಬಹಳ ಕಡಿಮೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಇರುವುದು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ. ಅಡಿಕೆ ತೋಟದಿಂದ ಮಂಗ ಓಡಿಸಲು ಗುರಿ ನೋಡಲು ನಳಿಗೆ ತುದಿಯಲ್ಲಿರುವ ಮಣಿಯೇ ಜಾಸ್ತಿ.

ಇವತ್ತು ಹೇಳಲು ಹೊರಟಿರುವುದು ರಿವಾಲ್ವರ್ ಮೇಲೆ ಕೂರಿಸುವ ಸೈಟ್, ಅಂದರೆ ಗುರಿ ಹಿಡಿಯುವ ಸಾಧನದ ಬಗ್ಗೆ. ಅದೂ ಸುಮ್ನೆ ಒಂದು ರಿವಾಲ್ವರ್ ಅಲ್ಲ, ಕತ್ತೆಯ ಹಾಗೆ ಒದೆಯುವ ರಿವಾಲ್ವರ್.

ನನ್ನ ಮಗಳು, ಅಳಿಯ ಅಮೆರಿಕದ ಅರಿಜೋನಾದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಮೂರು ತಿಂಗಳು ಅಲ್ಲಿ ಹೋಗಿದ್ದೆ. ಅಳಿಯ ಕೊಪ್ಪದ ಕಡೆಯ ಹುಡುಗ. ಭಾನುವಾರ ಬಂದರೆ ಕಬ್ಬಿಣದ ಪ್ರಾಣಿಗಳಿಗೆ ಗುಂಡು ಹೊಡೆಯಲು ಹೋಗುತ್ತಾನೆ. ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ 50 ಮೀಟರ್ ದೂರದಲ್ಲಿ, ಹಂದಿ 100 ಮೀಟರ್, ಟರ್ಕಿ ಕೋಳಿ 150 ಮೀಟರ್, ಟಗರು 200 ಮೀಟರ್. ಗುಂಡು ತಾಗಿದರೆ ಸಾಲದು, ಅದು ನಿಂತ ಜಾಗದಿಂದ ಕೆಳಗೆ ಉರುಳಬೇಕು. ಕೈಬಂದೂಕಿನ ಈ ಆಟಕ್ಕೆ ಅಂತಲೇ ಅಲ್ಲಿ 1976ರಲ್ಲಿ ಒಂದು ಸಂಘ ಶುರುವಾಯಿತು. ಉಕ್ಕಿನ ಟಗರು ಉರುಳಬೇಕಾದರೆ ಸಣ್ಣ ತೋಟೆ ಸಾಕಾಗುವುದಿಲ್ಲ. ಅದಕ್ಕೆ ಅವನ ಕೈಯಲ್ಲಿ 44 ಮ್ಯಾಗ್ನಮ್ ಅನ್ನುವ ದೊಡ್ಡ ತೋಟೆಯ ರಿವಾಲ್ವರ್. ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1955ರಲ್ಲಿ ಈ ತೋಟೆಗೆ ಮೊದಲ ರಿವಾಲ್ವರ್ ಮಾಡಿತು. ಅದೇ ಕಂಪನಿ 2003ರಲ್ಲಿ ಇನ್ನೂ ದೊಡ್ಡದಾದ 500 ಮ್ಯಾಗ್ನಮ್ ತಂದಿತು. ಅದರ ಒದೆತದ ಮುಂದೆ 44 ಸಾಧು ಅನ್ನಬೇಕು.

ಒಂದು ಸಂಜೆ ಅಳಿಯ ಮುಖ ಸಣ್ಣ ಮಾಡಿಕೊಂಡು ಬಂದ. "ಮಾವ, ನನ್ನ ಕೈ ಹೋಯ್ತು ಅನ್ಸುತ್ತೆ. ಮೊದಲು ಅಂಗೈ ಅಗಲದೊಳಗೆ ಬೀಳ್ತಿದ್ದ ಗುಂಡುಗಳು ಈಗ ಒಂದು ಗೇಣು ದೂರ ದೂರ ಬೀಳ್ತಿವೆ" ಅಂದ. ನಾನು ಅವನ ಕೈ ನೋಡಲಿಲ್ಲ. ರಿವಾಲ್ವರ್ ಖಾಲಿ ಇದೆಯಾ ಅಂತ ಇಬ್ಬರೂ ಎರಡೆರಡು ಸಲ ನೋಡಿದೆವು. ಆಮೇಲೆ ಸ್ಕೋಪ್ ಬಿಚ್ಚಿಸಿದೆ. ಒಂದು ಮರದ ತುಂಡಿನಲ್ಲಿ ಇಂಗ್ಲಿಷಿನ 'ವಿ' ಆಕಾರದ ತೋಡು ಕೊರೆದು, ಅದರಲ್ಲಿ ಸ್ಕೋಪ್ ಮಲಗಿಸಿ ಕಟ್ಟಿ, ದೂರದ ಲೈಟ್ ಕಂಬದ ತುದಿಗೆ ಒಳಗಿನ ಅಡ್ಡಗೆರೆ ಹೊಂದಿಸಿದೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಅಡ್ಡಗೆರೆ ಕಂಬ ಬಿಟ್ಟು ಪಕ್ಕಕ್ಕೆ ಹಾರಿತು. ಇನ್ನೊಮ್ಮೆ ತಟ್ಟಿದರೆ ಇನ್ನೊಂದು ಕಡೆ. ಮಲೆನಾಡಿನ ರಸ್ತೆಯಲ್ಲಿ ಜೀಪಿನಲ್ಲಿ ಕುಲುಕಿ ಬಂದ ಥಿಯೊಡೊಲೈಟುಗಳನ್ನು ನಾನು ಹೀಗೆಯೇ ಪರೀಕ್ಷೆ ಮಾಡುತ್ತಿದ್ದೆ.

ಬಿಚ್ಚಿ ನೋಡಿದರೆ ಗಾಜಿಗೆ ಏನೂ ಆಗಿರಲಿಲ್ಲ. ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ಲೆನ್ಸುಗಳು ಅದರಲ್ಲಿರುತ್ತವೆ. ಗುರಿ ತಿದ್ದುವ ತಿರುಪು ತಿರುಗಿಸಿದರೆ ಅಲುಗುವುದು ಈ ಕೊಳವೆಯೇ. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಸೋತಿತ್ತು. ಲೆನ್ಸ್ ಹಿಡಿಯುವ ಬಳೆ ಕಾಲು ಸುತ್ತು ಸಡಿಲವಾಗಿತ್ತು. ಹೊರಗಡೆ, ಸ್ಕೋಪ್ ಹಿಡಿಯುವ ಲೋಹದ ಪಟ್ಟಿಯನ್ನು ರಿವಾಲ್ವರಿಗೆ ಕೂರಿಸಿದ ಮೂರು ಸ್ಕ್ರೂಗಳಲ್ಲಿ ಒಂದು ಒಳಗೇ ತುಂಡಾಗಿತ್ತು. ಅಳಿಯ ಮೂರು ತಿಂಗಳಿಂದ ತನ್ನ ಕೈಯನ್ನೇ ಬೈದುಕೊಂಡು ಅಭ್ಯಾಸ ಮಾಡುತ್ತಿದ್ದ. ಅದನ್ನು ನೆನೆದು ನನಗೆ ತುಂಬಾ ಬೇಜಾರಾಯಿತು.

ಅವನು ಅಂಗಡಿಯಲ್ಲಿ ಕೇಳಿದ್ದೆಲ್ಲ ಗಾಜಿನ ಬಗ್ಗೆ. ಎಷ್ಟು ದೊಡ್ಡದಾಗಿ ತೋರಿಸುತ್ತದೆ, ಎಷ್ಟು ಬೆಳಕು ಕೊಡುತ್ತದೆ. ತೂಕ ಕೇಳಿರಲಿಲ್ಲ. ತಕ್ಕಡಿಯಲ್ಲಿಟ್ಟರೆ ಸ್ಕೋಪು, ಅದನ್ನು ಪಟ್ಟಿಗೆ ಹಿಡಿಯುವ ರಿಂಗು ಎಲ್ಲ ಸೇರಿ 450 ಗ್ರಾಂ. ಅಷ್ಟೇನಾ ಅಂತ ಅನ್ನಿಸಬಹುದು. ರಾತ್ರಿ ಊಟ ಆದ ಮೇಲೆ ಕಾಗದ ತೆಗೆದುಕೊಂಡು ಅವನ ಮುಂದೆಯೇ ಲೆಕ್ಕ ಹಾಕಿದೆ. ಗುಂಡು 15.5 ಗ್ರಾಂ. ಹೊರಡುವ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ರಿವಾಲ್ವರ್ ಹತ್ತಿರ ಹತ್ತಿರ ಒಂದೂವರೆ ಕಿಲೋ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ರಿವಾಲ್ವರ್ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚಿನ ವೇಗ ಪಡೆದು ಹಿಂದಕ್ಕೆ ಬರುತ್ತದೆ. ಅಂದರೆ ಭೂಮಿಯ ಸೆಳೆತದ ನಾನೂರು ಪಟ್ಟಿನ ಆಸುಪಾಸು. ಆ ಕ್ಷಣದಲ್ಲಿ 450 ಗ್ರಾಂ ಸ್ಕೋಪ್ 180 ಕಿಲೋ ಆಗಿ ಸ್ಕ್ರೂಗಳನ್ನು ಜಗ್ಗುತ್ತದೆ. ಆ ಸ್ಕ್ರೂಗಳೋ, ಮೂರೂವರೆ ಮಿಲಿಮೀಟರ್ ದಪ್ಪ. ಅದೇ ಜಾಗದಲ್ಲಿ 100 ಗ್ರಾಮಿನ ಸೈಟ್ ಇದ್ದರೆ ಜಗ್ಗುವುದು 40 ಕಿಲೋ ಮಾತ್ರ.

ಬಸ್ಸಿನ ಟಾಪಿನ ಮೇಲೆ ಅಡಿಕೆ ಮೂಟೆ ಕಟ್ಟಿರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಆಗುಂಬೆ ಘಾಟಿಯ ತಿರುವಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಹಗ್ಗ ಹರಿಯುವುದು ಯಾವುದರದ್ದು? ದೊಡ್ಡ ಮೂಟೆಯದ್ದು. ಪಕ್ಕದಲ್ಲೇ ಕಟ್ಟಿದ ಸಣ್ಣ ಚೀಲ ಇದ್ದಲ್ಲೇ ಇರುತ್ತದೆ. ಸೈಟ್ ಹಗುರ ಇದ್ದಷ್ಟೂ ಬಾಳಿಕೆ ಜಾಸ್ತಿ. ದಪ್ಪಗೆ, ಭಾರವಾಗಿ ಇದ್ದರೆ ಗಟ್ಟಿ ಅಂತ ನಾವು ಪಾತ್ರೆ ಕೊಳ್ಳುವಾಗ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಉಲ್ಟಾ.

ಹಾಗಾದರೆ ಯಾವುದು ಕೊಳ್ಳಬೇಕು? ದೊಡ್ಡದಾಗಿ ತೋರಿಸಲೇಬೇಕು ಅಂತಿದ್ದರೆ ಎರಡು ಪಟ್ಟು ಅಥವಾ ನಾಲ್ಕು ಪಟ್ಟು ತೋರಿಸುವ, ಪಟ್ಟು ಬದಲಾಗದ ಸ್ಕೋಪ್ ಒಳ್ಳೆಯದು. ಒಳಗೆ ಅಲುಗುವ ಭಾಗ ಕಡಿಮೆ, ಸೋಲುವ ಭಾಗವೂ ಕಡಿಮೆ. ಅದು ಕೈಬಂದೂಕಿಗೆ ಅಂತಲೇ ಮಾಡಿದ್ದಾಗಿರಬೇಕು. ರೈಫಲ್ ಸ್ಕೋಪಿಗೆ ಕಣ್ಣು ಮೂರು ನಾಲ್ಕು ಇಂಚಿನಲ್ಲಿರಬೇಕು. ಕೈ ಚಾಚಿ ಹಿಡಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ಕಾಣಲಿ ಅಂತ ಹತ್ತಿರ ತಂದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ನನಗೆ ಹಿಡಿಸಿದ್ದು ರೆಡ್ ಡಾಟ್. ಇದರಲ್ಲಿ ಒಂದು ಸಣ್ಣ ದೀಪದ ಬೆಳಕು ಒಳಬಾಗಿದ ಗಾಜಿನ ಮೇಲೆ ಬಿದ್ದು ಕಣ್ಣಿಗೆ ವಾಪಸ್ ಬರುತ್ತದೆ. ಗುರಿಯ ಮೇಲೆ ಕೆಂಪು ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ಕಣ್ಣು ಎಷ್ಟು ದೂರ ಇದ್ದರೂ ಆಗುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಇಂಥ ಎಲೆಕ್ಟ್ರಾನಿಕ್ ಸೈಟ್ ಮಾರಾಟಕ್ಕೆ ತಂದಿತು. ಈಗ ನೂರು ಗ್ರಾಮಿನ ಆಸುಪಾಸಿನವು ಸಿಗುತ್ತವೆ. ಇನ್ನೂ ಹಗುರ ಬೇಕೆಂದರೆ ನಲವತ್ತು ಗ್ರಾಮಿಗಿಂತ ಕಡಿಮೆ ಇರುವ ತೆರೆದ ಸೈಟುಗಳಿವೆ. ಆದರೆ ತೆರೆದದ್ದರಲ್ಲಿ ದೀಪಕ್ಕೂ ಗಾಜಿಗೂ ನಡುವೆ ಬರೀ ಗಾಳಿ. ಒಂದು ಮಳೆ ಹನಿ ಕೂತರೆ ಚುಕ್ಕೆ ಹರಡುತ್ತದೆ. ರಿವಾಲ್ವರಿನಲ್ಲಿ ಇನ್ನೊಂದು ತೊಂದರೆ ಇದೆ. ತೋಟೆ ತುಂಬುವ ತಿರುಗುವ ಗಾಲಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಹೊಗೆ, ಮಸಿ ಚಿಮ್ಮುತ್ತದೆ. ಸೈಟ್ ಕೂರುವುದು ಅದರ ಹತ್ತಿರವೇ. ಆದ್ದರಿಂದ ಎರಡೂ ಕಡೆ ಗಾಜು ಮುಚ್ಚಿದ ಸಣ್ಣ ಕೊಳವೆಯ ಸೈಟೇ ಇರಲಿ ಅಂತ ನಾನು ಹೇಳಿದೆ. ಚುಕ್ಕೆ ಸಣ್ಣದಿರಲಿ. ಚುಕ್ಕೆಯನ್ನು ಕೋನದ ಮಿನಿಟ್‌ನಲ್ಲಿ, ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಎರಡು ಮಿನಿಟ್ ಅಳತೆಯ ಚುಕ್ಕೆ 200 ಮೀಟರಿನಲ್ಲಿ ಸುಮಾರು 12 ಸೆಂಟಿಮೀಟರ್ ಮುಚ್ಚುತ್ತದೆ. ಉಕ್ಕಿನ ಟಗರು ಅದಕ್ಕಿಂತ ಎಷ್ಟೋ ದೊಡ್ಡದು.

ತೇವ ಸೇರದ ಹಾಗೆ ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ್ದಾ ಅಂತಲೂ ಕೇಳಿ ಅಂದೆ. ಅರಿಜೋನಾದ ಒಣ ಹವೆಯಲ್ಲಿ ಅವನಿಗೆ ಇದು ದೊಡ್ಡದಾಗಿ ಕಾಣಲಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಕಡೆಯಿಂದ ಬಂದ ಬೈನಾಕ್ಯುಲರುಗಳನ್ನು ಬಿಚ್ಚಿದ ನನಗೆ ಗೊತ್ತು. ಲೆನ್ಸಿನ ಮೇಲೆ ಬೂಸ್ಟು ಜೇಡರ ಬಲೆಯ ಹಾಗೆ ಹಬ್ಬಿರುತ್ತದೆ. ಒರೆಸಿದರೆ ಬೂಸ್ಟು ಹೋಗುತ್ತದೆ, ಗಾಜಿನ ಲೇಪ ತಿಂದ ಕಲೆ ಹೋಗುವುದಿಲ್ಲ.

ಇನ್ನು ಕೂರಿಸುವ ಕೆಲಸ. ಒಳ್ಳೆಯ ಸೈಟ್ ತಂದು ಇಲ್ಲಿ ಅವಸರ ಮಾಡಿದರೆ ದುಡ್ಡು ನೀರಿಗೆ ಹಾಕಿದಂತೆ. ಸ್ಕ್ರೂ, ಸ್ಕ್ರೂ ತೂತು ಎರಡನ್ನೂ ಸ್ಪಿರಿಟ್ಟಿನಿಂದ ತೊಳೆದು ಎಣ್ಣೆ ಪಸೆ ತೆಗೆಯಬೇಕು. ಬೇಕಾದಾಗ ಬಿಚ್ಚಲು ಬರುವಂಥ ನೀಲಿ ಅಂಟು ಒಂದು ಹನಿ ಹಾಕಬೇಕು. ಕೈಬಲದ ಅಂದಾಜು ಬೇಡ, ಬಿಗಿತ ಅಳೆಯುವ ಸ್ಕ್ರೂಡ್ರೈವರಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿ ಮಾಡಬೇಕು. ಪಟ್ಟಿಯಲ್ಲಿ ಅಡ್ಡ ತೋಡುಗಳಿರುತ್ತವೆ. ರಿವಾಲ್ವರ್ ಹಿಂದಕ್ಕೆ ಬಂದಾಗ ಸೈಟ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ಪಟ್ಟಿಯ ಮೇಲೆ ಮುಂದಕ್ಕೆ ಜಾರಲು ನೋಡುತ್ತದೆ. ಆದ್ದರಿಂದ ಬಿಗಿ ಮಾಡುವ ಮೊದಲೇ ಸೈಟನ್ನು ಮುಂದಕ್ಕೆ ತಳ್ಳಿ, ಅದರ ಅಡ್ಡಮೊಳೆ ತೋಡಿನ ಮುಂದಿನ ಗೋಡೆಗೆ ತಾಗಿ ನಿಲ್ಲುವಂತೆ ಮಾಡಬೇಕು. ಆಗ ಒದೆತ ತಡೆಯುವುದು ಗೋಡೆ, ಬರೀ ಬಿಗಿತ ಅಲ್ಲ. ಸ್ಕೋಪ್ ಆದರೆ ಎರಡು ರಿಂಗ್ ಬದಲು ಮೂರು ಹಾಕುವುದು ವಾಸಿ. ರೂಗರ್ ಕಂಪನಿಯ ಸೂಪರ್ ರೆಡ್‌ಹಾಕ್ ರಿವಾಲ್ವರಿನಲ್ಲಿ ರಿಂಗ್ ಕೂರಲು ಚೌಕಟ್ಟಿನ ಉಕ್ಕಿನಲ್ಲೇ ಅರ್ಧಚಂದ್ರದ ಕುಳಿ ಕೊರೆದಿರುತ್ತಾರೆ. ನೋಡಿ ನನಗೆ ಖುಷಿಯಾಯಿತು. ಒದೆತ ಎಲ್ಲಿಗೆ ಹೋಗಬೇಕು ಅಂತ ಯೋಚಿಸಿ ಮಾಡಿದ ಕೆಲಸ ಅದು.

ಇದು ಅಲ್ಲಿನ ಮಾತು. ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಜನ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಮ್ಮ ಜನಕ್ಕೆ ಪರಿಚಯ ಇರುವುದು ಕಾನ್ಪುರದ ಕಾರ್ಖಾನೆಯ 32 ಬೋರ್ ರಿವಾಲ್ವರ್, ಅದರ ಒದೆತ ಮೆದು. ಒಲಿಂಪಿಕ್ ದಾರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಇಂಥ ಗಾಜಿನ ಸೈಟಿಗೆ ಅವಕಾಶವೇ ಇಲ್ಲ. ಶಿವಮೊಗ್ಗದ ಮಕ್ಕಳು ಯಾರಾದರೂ ಆ ಆಟಕ್ಕೆ ತಯಾರಾಗುತ್ತಿದ್ದರೆ ಗಾಜಿಲ್ಲದ ಲೋಹದ ಸೈಟಿನಲ್ಲೇ ಕಲಿಯಿರಿ.

ಅಳಿಯ ಹೊಸ ಸೈಟ್ ಕೂರಿಸಿದ. ನಾನು ಊರಿಗೆ ಹೊರಡುವ ಮುಂಚೆ ಇನ್ನೊಂದು ಮಾಡಿದೆ. ಮಗಳ ನೇಲ್ ಪಾಲಿಷ್ ತೆಗೆದುಕೊಂಡು ಪ್ರತಿ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ಒಂದು ಸಣ್ಣ ಗೆರೆ ಎಳೆದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಹೋದ ತಿಂಗಳು ಅಳಿಯ ಫೋನ್ ಮಾಡಿದ್ದ. "ಮಾವ, ಸಾವಿರ ಗುಂಡು ದಾಟಿತು, ಐದು ಗೆರೆಯಲ್ಲಿ ನಾಲ್ಕು ಹಾಗೇ ಇವೆ" ಅಂದ. ಐದನೆಯದು ಯಾವ ಸ್ಕ್ರೂ ಅಂತ ಕೇಳಿದೆ. ಮುಂದಿನದು ಅಂದ. ಬಿಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ಹನಿ ಅಂಟು ಹಾಕಿ ಕೂರಿಸು ಅಂದೆ.

ನಮಸ್ಕಾರ.